ಮನೋವಿಜ್ಞಾನದಲ್ಲಿ ಸಂಶೋಧನಾ ಪ್ರಕ್ರಿಯೆ

ಮನಸ್ಸು ಮತ್ತು ವರ್ತನೆಗಳ ಕುರಿತ ಪ್ರಶ್ನೆಗಳಿಗೆ ವ್ಯವಸ್ಥಿತ ವೀಕ್ಷಣೆ, ಮಾಪನ ಹಾಗೂ ಪರಿಶೀಲನೆಗಳ ಮೂಲಕ ಉತ್ತರ ಕಂಡುಕೊಳ್ಳುವ ಕ್ರಮವನ್ನು ಮನೋವಿಜ್ಞಾನದ ಸಂಶೋಧನಾ ಪ್ರಕ್ರಿಯೆ ಎನ್ನುತ್ತಾರೆ. ಅನುಭವದ ಮಾತು ಅಥವಾ ಲೋಕರೂಢಿಯ ನಂಬಿಕೆ ಇಲ್ಲಿ ಪ್ರಶ್ನೆಗೆ ಪ್ರೇರಣೆಯಾಗಬಹುದು, ಅದೇ ಪುರಾವೆಯಾಗದು.

ಕರ್ನಾಟಕದಲ್ಲಿ ಬೆಳವಣಿಗೆ

ಮೈಸೂರು ವಿಶ್ವವಿದ್ಯಾನಿಲಯದ ಮನೋವಿಜ್ಞಾನ ವಿಭಾಗವು ೧೯೨೪ರಲ್ಲಿ ಆರಂಭವಾಯಿತು. ಕಲ್ಕತ್ತದ ನಂತರ ಇದು ಭಾರತದ ಎರಡನೆಯ ವಿಭಾಗ. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ನರ ಬಳಿ ಅಧ್ಯಯನ ಮಾಡಿದ್ದ ಎಂ. ವಿ. ಗೋಪಾಲಸ್ವಾಮಿಯವರು ಇದರ ಸ್ಥಾಪಕರು. ಬೆಂಗಳೂರಿನಲ್ಲಿ ೧೯೫೪ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ೧೯೭೪ರಲ್ಲಿ ನಿಮ್ಹಾನ್ಸ್‌ನ ಭಾಗವಾಯಿತು.

ಹಂತಗಳು

ಸಂಶೋಧಕರು ಮೊದಲು ಪ್ರಶ್ನೆಯನ್ನು ಗುರುತಿಸಿ, ಹಿಂದಿನ ಅಧ್ಯಯನಗಳನ್ನು ಪರಿಶೀಲಿಸಿ, ಪರೀಕ್ಷೆಗೆ ಒಳಪಡಿಸಬಹುದಾದ ಪ್ರಾಕ್ಕಲ್ಪನೆಯನ್ನು ರೂಪಿಸುತ್ತಾರೆ. ಉದಾಹರಣೆಗೆ, "ನಿದ್ರೆ ಕಡಿಮೆಯಾದರೆ ನೆನಪಿನ ಶಕ್ತಿ ಕುಂದುತ್ತದೆ" ಎಂಬುದರಲ್ಲಿ ನಿದ್ರೆಯ ಅವಧಿ ಸ್ವತಂತ್ರ ಚರ, ನೆನಪಿನ ಪರೀಕ್ಷೆಯ ಅಂಕ ಅವಲಂಬಿತ ಚರ. ಭಾಗಿಗಳನ್ನು ಯಾದೃಚ್ಛಿಕವಾಗಿ ಗುಂಪುಗಳಿಗೆ ಹಂಚಿ ನಡೆಸುವ ಪ್ರಯೋಗ ಮಾತ್ರ ಕಾರಣವನ್ನು ದೃಢವಾಗಿ ಸೂಚಿಸಬಲ್ಲದು. ಕೇವಲ ಸಮೀಕ್ಷೆಯಿಂದ ಸಹಸಂಬಂಧ ತಿಳಿಯುತ್ತದೆ: ನಿದ್ರೆಗೆಟ್ಟವರ ಮರೆವಿಗೆ ಚಿಂತೆಯೇ ಮೂಲವಾಗಿರಬಹುದು.

ಮಾದರಿಯ ಆಯ್ಕೆಯೂ ಮುಖ್ಯ. ಬನಶಂಕರಿಯ ಒಂದು ಕಾಲೇಜಿನ ವಿದ್ಯಾರ್ಥಿಗಳಿಂದ ಪಡೆದ ಫಲಿತಾಂಶವನ್ನು ರಾಯಚೂರಿನ ಕೃಷಿಕಾರ್ಮಿಕರಿಗೆ ಅನ್ವಯಿಸಲಾಗದು.

ಭಾಷೆ ಮತ್ತು ಮಾಪನ

ಒಂದು ಮಾಪನವು ಮತ್ತೆ ಮತ್ತೆ ಬಳಸಿದಾಗಲೂ ಸ್ಥಿರವಾದ ಫಲ ನೀಡುವುದು ವಿಶ್ವಸನೀಯತೆ. ಅಳೆಯಬೇಕಾದುದನ್ನೇ ಅಳೆಯುವುದು ಸಿಂಧುತ್ವ. ಅನುವಾದಿತ ಪ್ರಶ್ನಾವಳಿಗಳಲ್ಲಿ ಸಿಂಧುತ್ವ ಸುಲಭವಾಗಿ ಕೆಡುತ್ತದೆ. ಕನ್ನಡದ "ಬೇಜಾರು" ಎಂಬ ಪದವು ದುಃಖ, ಬೇಸರ, ಅಸಮಾಧಾನ ಮೂರನ್ನೂ ಸೂಚಿಸುವುದರಿಂದ, "ನಿಮಗೆ ಆಗಾಗ ಬೇಜಾರಾಗುತ್ತದೆಯೇ?" ಎಂಬ ಪ್ರಶ್ನೆಗೆ ಬಂದ "ಹೌದು" ಖಿನ್ನತೆಯ ಲಕ್ಷಣವೆಂದು ಹೇಳಲು ಬರುವುದಿಲ್ಲ. ತಪ್ಪಾಗಿ ಅಳೆದರೆ ಆರೋಗ್ಯವಂತರು ರೋಗಿಗಳೆನಿಸಬಹುದು, ನೆರವು ಬೇಕಾದವರು ಲೆಕ್ಕದಿಂದ ಹೊರಗುಳಿಯಬಹುದು. ವಿ. ವಿ. ಕಾಮತರು ಬಿನೆ ಬುದ್ಧಿಪರೀಕ್ಷೆಗಳನ್ನು ಮರಾಠಿ ಮತ್ತು ಕನ್ನಡ ಮಕ್ಕಳಿಗೆ ಹೊಂದಿಸಿ ಸಿದ್ಧಪಡಿಸಿದ ಮುಂಬಯಿ-ಕರ್ನಾಟಕ ಪರಿಷ್ಕರಣೆಯು ಈ ದಿಸೆಯ ಆರಂಭಿಕ ಪ್ರಯತ್ನಗಳಲ್ಲೊಂದು.

ಕೋಟ ಅಧ್ಯಯನ

ಜಿ. ಎಂ. ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಕರಾವಳಿಯ ಕೋಟ ಗ್ರಾಮದಲ್ಲಿ ನಡೆಸಿದ ಅಧ್ಯಯನವು ೧೯೭೬ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾಯಿತು. ಸಾಮಾಜಿಕ ಬದಲಾವಣೆಗೂ ಮಾನಸಿಕ ತೊಂದರೆಗಳಿಗೂ ಇರುವ ಸಂಬಂಧವನ್ನು ಅರಿಯಲು ಬ್ರಾಹ್ಮಣ, ಬಂಟ ಮತ್ತು ಮೊಗವೀರ ಸಮುದಾಯಗಳನ್ನು ಹೋಲಿಸಲಾಯಿತು. ಕೊನೆಯ ಎರಡು ಸಮುದಾಯಗಳಲ್ಲಿ ಅಳಿಯಸಂತಾನ ಪದ್ಧತಿಯಿದ್ದುದರಿಂದ ಹೋಲಿಕೆಗೆ ಅರ್ಥವಿತ್ತು. ಸ್ಥಳೀಯರ ರೋಗಲಕ್ಷಣ ವಿವರಣೆಗೆ ಹೊಂದುವ ಸಂದರ್ಶನ ಸಾಧನಗಳನ್ನೂ ಸಂಶೋಧಕರು ರೂಪಿಸಿದರು.

ನೈತಿಕತೆ ಮತ್ತು ಪುನರಾವರ್ತನೆ

ಭಾಗಿಗಳಿಗೆ ಅಧ್ಯಯನದ ಸ್ವರೂಪವನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ ಸಮ್ಮತಿ ಪಡೆಯಬೇಕು. ಯಾವ ಹಂತದಲ್ಲಾದರೂ ಹಿಂದೆ ಸರಿಯುವ ಹಕ್ಕು ಅವರಿಗಿದೆ. ಮಾನಸಿಕ ಅಸ್ವಸ್ಥತೆಯುಳ್ಳವರನ್ನು ಒಳಗೊಂಡ ಸಂಶೋಧನೆಗೆ ಭಾರತದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ೨೦೧೭ ಸಹ ಮುಕ್ತ ಸಮ್ಮತಿಯನ್ನು ಕಡ್ಡಾಯಗೊಳಿಸಿದೆ.

ಒಂದೇ ಅಧ್ಯಯನದ ಫಲಿತಾಂಶ ಅಂತಿಮವಲ್ಲ. ೨೦೧೫ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಯೋಜನೆಯೊಂದರಲ್ಲಿ ಮನೋವಿಜ್ಞಾನದ ೧೦೦ ಅಧ್ಯಯನಗಳನ್ನು ಪುನಃ ನಡೆಸಿದಾಗ, ಸುಮಾರು ಶೇ. ೩೬ರಷ್ಟರಲ್ಲಿ ಮಾತ್ರ ಸಂಖ್ಯಾಶಾಸ್ತ್ರೀಯವಾಗಿ ಗಣನೀಯ ಫಲಿತಾಂಶ ಮತ್ತೆ ದೊರೆಯಿತು. ಇದರ ನಂತರ ಪ್ರಾಕ್ಕಲ್ಪನೆಯನ್ನು ಮುಂಚಿತವಾಗಿ ನೋಂದಾಯಿಸುವುದು, ದತ್ತಾಂಶವನ್ನು ಬಹಿರಂಗಪಡಿಸುವುದು ಮುಂತಾದ ಕ್ರಮಗಳು ಹೆಚ್ಚು ಬಳಕೆಗೆ ಬಂದಿವೆ.