ಇಟ್ಟಿಗೆಯ ಹೊಗೆಗೂಡು

ಇಟ್ಟಿಗೆಯ ಹೊಗೆಗೂಡು (ಚಿಮಣಿ) ಎಂಬುದು ಅಗ್ಗಿಷ್ಟಿಕೆಯಲ್ಲಿ ಉರಿಯುವ ಸೌದೆ ಅಥವಾ ಕಲ್ಲಿದ್ದಲಿನ ಹೊಗೆಯನ್ನು ಛಾವಣಿಯ ಮೇಲಕ್ಕೆ ಸಾಗಿಸಲು ಗೋಡೆಯೊಂದಿಗೆ ಕಟ್ಟುವ ನೀಳವಾದ ಕೊಳವೆಯಾಗಿದೆ. ಬ್ರಿಟನ್, ಉತ್ತರ ಅಮೆರಿಕ ಮೊದಲಾದ ಶೀತಪ್ರದೇಶಗಳ ಹಳೆಯ ಮನೆಗಳಲ್ಲಿ ಇದು ಸಾಮಾನ್ಯ. ಭಾರತದ ಗಿರಿಧಾಮಗಳಲ್ಲಿಯೂ ಕೊಡಗು, ಚಿಕ್ಕಮಗಳೂರುಗಳ ಕೆಲವು ಹಳೆಯ ತೋಟದ ಬಂಗಲೆಗಳಲ್ಲಿಯೂ ಇದನ್ನು ಕಾಣಬಹುದು. ಹೊರನೋಟಕ್ಕೆ ಭದ್ರವಾಗಿದ್ದರೂ ಒಳಗೆ ಬಿರುಕುಬಿಟ್ಟ ಹೊಗೆಗೂಡು ಬೆಂಕಿ ಅನಾಹುತಕ್ಕೂ ವಿಷಾನಿಲದಿಂದಾಗುವ ಸಾವಿಗೂ ಕಾರಣವಾಗಬಲ್ಲದು.

ರಚನೆ ಮತ್ತು ಕಾರ್ಯ

ಕಾದ ಅನಿಲವು ಹೊರಗಿನ ತಣ್ಣನೆಯ ಗಾಳಿಗಿಂತ ಹಗುರವಾದುದರಿಂದ ಮೇಲೇರುತ್ತದೆ. ಅದರ ಸ್ಥಾನಕ್ಕೆ ಕೋಣೆಯ ಗಾಳಿ ನುಗ್ಗುತ್ತದೆ. ಈ ಎಳೆತವು ಕೊಳವೆಯ ಎತ್ತರ ಮತ್ತು ಬಿಸಿಯನ್ನು ಅವಲಂಬಿಸಿದೆ. ಅಮೆರಿಕದ ನಿಯಮದಂತೆ ಹೊಗೆಗೂಡು ಛಾವಣಿಯನ್ನು ದಾಟುವಲ್ಲಿ ಕನಿಷ್ಠ 3 ಅಡಿ ಎತ್ತರವಿರಬೇಕು. 10 ಅಡಿ ಅಂತರದೊಳಗಿನ ಛಾವಣಿಯ ಯಾವುದೇ ಭಾಗಕ್ಕಿಂತ 2 ಅಡಿ ಮೇಲಿರಬೇಕು. ಹಳೆಯ ಇಂಗ್ಲಿಷ್ ಮನೆಗಳಲ್ಲಿ ಕೊಳವೆಯ ಒಳಮೈಗೆ ಸುಣ್ಣ ಮತ್ತು ಸಗಣಿ ಬೆರೆಸಿದ ಗಾರೆಯನ್ನು ಬಳಿಯುತ್ತಿದ್ದರು.

ಇತಿಹಾಸ

ಇಂಗ್ಲೆಂಡಿನಲ್ಲಿ ಎಳೆಯ ಬಾಲಕರನ್ನು ಕೊಳವೆಯೊಳಗೆ ಹತ್ತಿಸಿ ಮಸಿ ತೆಗೆಸುವ ಕ್ರೂರ ಪದ್ಧತಿಯಿತ್ತು. ಇಂಥ ಕೆಲಸಗಾರರಲ್ಲಿ ಕಂಡುಬರುತ್ತಿದ್ದ ಕ್ಯಾನ್ಸರಿಗೆ ಮಸಿಯೇ ಕಾರಣವೆಂದು ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1775ರಲ್ಲಿ ಗುರುತಿಸಿದನು. 1840ರ ಕಾಯ್ದೆ 21 ವರ್ಷದೊಳಗಿನವರು ಹತ್ತುವುದನ್ನು ನಿಷೇಧಿಸಿದರೂ ಪಾಲನೆಯಾಗಲಿಲ್ಲ. ಪರವಾನಗಿಯನ್ನು ಕಡ್ಡಾಯಗೊಳಿಸಿದ 1875ರ ಕಾಯ್ದೆಯಿಂದ ಈ ಪದ್ಧತಿ ಕೊನೆಗಂಡಿತು.

ಹಾನಿಯ ಕಾರಣಗಳು

ಹೊಗೆಗೂಡಿನ ಮುಖ್ಯ ಶತ್ರು ನೀರು. ತುದಿಯ ಗಾರೆ ಬಿರಿದಾಗ ಮಳೆನೀರು ಸಂದುಗಳಿಗೆ ಇಳಿಯುತ್ತದೆ; ಶೀತಪ್ರದೇಶಗಳಲ್ಲಿ ಅದು ಹೆಪ್ಪುಗಟ್ಟಿ ಹಿಗ್ಗಿ ಇಟ್ಟಿಗೆಯನ್ನು ಸೀಳುತ್ತದೆ. ಒಳಗಡೆ, ಹಸಿ ಸೌದೆಯ ಹೊಗೆ ತಣಿದು ಕ್ರಿಯೋಸೋಟ್ ಎಂಬ ಟಾರಿನಂತಹ ಜಿಡ್ಡಾಗಿ ಅಂಟಿಕೊಳ್ಳುತ್ತದೆ. ಇದು ಹೊತ್ತಿಕೊಂಡರೆ ಕೊಳವೆಯೊಳಗಿನ ಉಷ್ಣತೆ 1000 ಡಿಗ್ರಿ ಸೆಲ್ಸಿಯಸ್ ಮೀರಬಹುದು. ಬಿರುಕುಗಳ ಮೂಲಕ ಆ ಬೆಂಕಿ ಛಾವಣಿಯ ಮರದ ತೊಲೆಗಳನ್ನು ತಲುಪುತ್ತದೆ.

ದುರಸ್ತಿ

ಸವೆದ ಸಂದುಗಳ ಸಡಿಲ ಗಾರೆಯನ್ನು ಉಳಿಯಿಂದ ಸಂದಿನ ಅಗಲದ ಎರಡರಷ್ಟು ಆಳಕ್ಕೆ ಕೆರೆದು, ಧೂಳು ತೆಗೆದು, ನೀರು ಚಿಮುಕಿಸಿ, ಕರಣೆಯಿಂದ ಹೊಸ ಗಾರೆಯನ್ನು ಒತ್ತಿ ತುಂಬಬೇಕು. ಹಳೆಯ ಮೆದು ಇಟ್ಟಿಗೆಗೆ ಸುಣ್ಣದ ಗಾರೆಯೇ ಯೋಗ್ಯ. ಗಟ್ಟಿ ಸಿಮೆಂಟ್ ಗಾರೆಯು ತೇವ ಆರಿಹೋಗಲು ಬಿಡದೆ ಇಟ್ಟಿಗೆಯ ಮುಖವೇ ಕಳಚುವಂತೆ ಮಾಡುತ್ತದೆ. ಕೊಳವೆಯ ಒಳಮೈ ಶಿಥಿಲವಾಗಿದ್ದರೆ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಸುಟ್ಟ ಮಣ್ಣಿನ ಒಳಕೊಳವೆಯನ್ನು ಅಳವಡಿಸಲಾಗುತ್ತದೆ. ಛಾವಣಿ ಸೇರುವಲ್ಲಿ ಲೋಹದ ತಗಡನ್ನೂ, ತುದಿಯಲ್ಲಿ ಹಕ್ಕಿ ಗೂಡುಕಟ್ಟದಂತೆ ಜಾಲರಿಯುಳ್ಳ ಮುಚ್ಚಳವನ್ನೂ ಹಾಕುವುದು ರೂಢಿ. ಓರೆಯಾಗಿ ವಾಲಿದ ಹೊಗೆಗೂಡನ್ನು ಗಾರೆ ತುಂಬಿ ಸರಿಪಡಿಸಲಾಗದು. ಅದನ್ನು ಬಿಚ್ಚಿ ಮತ್ತೆ ಕಟ್ಟಬೇಕಾಗುತ್ತದೆ.

ಸುರಕ್ಷಿತ ನಿರ್ವಹಣೆ

ವರ್ಷಕ್ಕೊಮ್ಮೆ, ಚಳಿಗಾಲಕ್ಕೆ ಮುನ್ನ, ತಪಾಸಣೆ ಅಗತ್ಯ. ಮಸಿಯ ಪದರ ಸುಮಾರು 3 ಮಿಲಿಮೀಟರ್ ತಲುಪಿದರೆ ಶುಚಿಗೊಳಿಸಬೇಕು. ಸೌದೆಯ ತೇವಾಂಶವು ಶೇ. 20ಕ್ಕಿಂತ ಕಡಿಮೆಯಿರಬೇಕು. ಬೂದಿಯೊಳಗಿನ ಕೆಂಡ ದಿನಗಟ್ಟಲೆ ಜೀವಂತವಿರಬಲ್ಲುದರಿಂದ ಬೂದಿಯನ್ನು ಮುಚ್ಚಳವುಳ್ಳ ಲೋಹದ ಪಾತ್ರೆಯಲ್ಲಿ ಮನೆಯ ಹೊರಗೆ ಇಡಬೇಕು.

ಕೊಳವೆ ಕಟ್ಟಿಕೊಂಡಾಗ ಕೋಣೆಯಲ್ಲಿ ತುಂಬುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆನೋವು, ವಾಕರಿಕೆ, ಮಂಪರು ಅದರ ಲಕ್ಷಣಗಳು. ನಿದ್ರಿಸುತ್ತಿರುವವರು ಎಚ್ಚರಗೊಳ್ಳದೆಯೇ ಮೃತಪಡಬಹುದು. ಆದ್ದರಿಂದ ಅನಿಲಸೂಚಕ ಯಂತ್ರವನ್ನು ಅಳವಡಿಸುವುದು ಮತ್ತು ಕೆಂಡ ಪೂರ್ಣವಾಗಿ ಆರುವವರೆಗೆ ಡ್ಯಾಂಪರ್ ಎಂಬ ಕೊಳವೆಯ ಮುಚ್ಚಳವನ್ನು ಮುಚ್ಚದಿರುವುದು ಅವಶ್ಯಕ. ಹೊಗೆಗೂಡಿನೊಳಗೆ ಭೋರ್ಗರೆತ ಕೇಳಿದರೆ ಎಲ್ಲರೂ ಹೊರಬಂದು ಅಗ್ನಿಶಾಮಕ ದಳವನ್ನು ಕರೆಯಬೇಕು. ಕಾದ ಕೊಳವೆಗೆ ನೀರು ಸುರಿದರೆ ಅದು ಸಿಡಿದು ಬಿರಿಯುವ ಅಪಾಯವಿದೆ. ಒಮ್ಮೆ ಬೆಂಕಿ ಕಂಡ ಹೊಗೆಗೂಡನ್ನು ತಜ್ಞರು ಪರೀಕ್ಷಿಸುವವರೆಗೆ ಬಳಸಬಾರದು.