ಮೈಸೂರು ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳ ಸ್ಮಾರಕಶಿಲೆಗಳು

ಮೈಸೂರು ಜಿಲ್ಲೆಯ ಕೃಷ್ಣರಾಜನಗರ, ಹುಣಸೂರು, ಪಿರಿಯಾಪಟ್ಟಣ ಮತ್ತು ಹೆಗ್ಗಡದೇವನಕೋಟೆ ಸೀಮೆಯ ಹಳ್ಳಿಗಳಲ್ಲಿ ಕಂಡುಬರುವ ಕರುಗಲ್ಲು, ವೀರಗಲ್ಲು, ಮಾಸ್ತಿಗಲ್ಲು, ದಾನಶಾಸನ ಹಾಗೂ ಎಲ್ಲೆಕಲ್ಲುಗಳನ್ನು ಒಟ್ಟಾಗಿ ಸ್ಮಾರಕಶಿಲೆಗಳೆಂದು ಕರೆಯಬಹುದು. ಗಂಗರು, ಚೋಳರು, ಹೊಯ್ಸಳರು, ಚಂಗಾಳ್ವರು, ವಿಜಯನಗರದ ಅರಸರು ಮತ್ತು ಮೈಸೂರು ಒಡೆಯರು ಈ ಪ್ರದೇಶವನ್ನು ಬೇರೆ ಬೇರೆ ಕಾಲದಲ್ಲಿ ಆಳಿದರು. ಆದರೆ ಕಾವೇರಿ, ಲಕ್ಷ್ಮಣತೀರ್ಥ ಮತ್ತು ಕಪಿಲಾ ನದಿಗಳ ಬಯಲಿನಲ್ಲಿ ಊರು ಕಟ್ಟಿದವರು, ಅದನ್ನು ಕಾಯ್ದವರು, ಅದಕ್ಕಾಗಿ ಮಡಿದವರು ಯಾರೆಂಬುದನ್ನು ತಿಳಿಯಲು ಈ ಕಲ್ಲುಗಳೇ ಮುಖ್ಯ ಆಧಾರ.

ಕರುಗಲ್ಲು

ಹೊಸದಾಗಿ ಊರು ಕಟ್ಟುವಾಗ ಮೊದಲು ನೆಡುತ್ತಿದ್ದ ಕಲ್ಲನ್ನು ಕರುಗಲ್ಲು ಅಥವಾ ಕರುವುಗಲ್ಲು ಎನ್ನುತ್ತಾರೆ. ಇದು ಸಾಮಾನ್ಯವಾಗಿ ಊರಿನ ನಡುವೆ ಅಥವಾ ಊರಬಾಗಿಲ ಬಳಿ ಅರ್ಧ ಹುಗಿದ ಗುಂಡುಕಲ್ಲಾಗಿರುತ್ತದೆ. ಊರಹಬ್ಬಗಳಲ್ಲಿ ಮೊದಲ ಪೂಜೆ ಇದಕ್ಕೆ ಸಲ್ಲುವುದುಂಟು. ದನಕರುಗಳಿಗೆ ಕಾಯಿಲೆ ಬಂದಾಗ ಇದಕ್ಕೆ ನೀರೆರೆದು, ದನಗಳನ್ನು ಇದರ ಪಕ್ಕದಲ್ಲಿ ಹಾಯಿಸುವ ರೂಢಿಯೂ ಇತ್ತು. ಬಹುಪಾಲು ಕರುಗಲ್ಲುಗಳ ಮೇಲೆ ಅಕ್ಷರವಾಗಲಿ ಶಿಲ್ಪವಾಗಲಿ ಇರುವುದಿಲ್ಲ. ಆದ್ದರಿಂದ, ಊರಿನ ಹುಟ್ಟಿಗೆ ನೇರವಾಗಿ ಸಂಬಂಧಿಸಿದ ಕಲ್ಲು ಇದೇ ಆಗಿದ್ದರೂ, ಶಾಸನ ಸಂಪುಟಗಳಲ್ಲಿ ಇದಕ್ಕೆ ಸ್ಥಾನ ದೊರೆತಿಲ್ಲ.

ವೀರಗಲ್ಲು ಮತ್ತು ಮಾಸ್ತಿಗಲ್ಲು

ಹೋರಾಟದಲ್ಲಿ ಮಡಿದವನ ನೆನಪಿಗೆ ನಿಲ್ಲಿಸಿದ ಕಲ್ಲು ವೀರಗಲ್ಲು. ಹೆಚ್ಚಿನವು ಮೂರು ಹಂತಗಳಲ್ಲಿರುತ್ತವೆ: ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿ, ಅದರ ಎರಡು ಬದಿಗೆ ಸೂರ್ಯಚಂದ್ರರು. ರಾಜರ ಯುದ್ಧಗಳಿಗಿಂತ ಊರಿನ ಜಗಳಗಳೇ ಇಂತಹ ಕಲ್ಲುಗಳಿಗೆ ಹೆಚ್ಚಾಗಿ ಕಾರಣವಾಗಿವೆ. ತುರುಗಳನ್ನು ಹೊಡೆದುಕೊಂಡು ಹೋದವರ ಬೆನ್ನಟ್ಟಿದವರು, ಗಡಿಯ ವ್ಯಾಜ್ಯದಲ್ಲಿ ಕಾದಿದವರು, ಹುಲಿ ಅಥವಾ ಹಂದಿಯೊಡನೆ ಸೆಣಸಿದವರು ಕರ್ನಾಟಕದ ವೀರಗಲ್ಲುಗಳಲ್ಲಿ ಮತ್ತೆ ಮತ್ತೆ ಕಾಣಿಸುತ್ತಾರೆ. ಸತ್ತವನ ಮನೆಯವರಿಗೆ ಬಿಟ್ಟುಕೊಟ್ಟ ಭೂಮಿಗೆ ಕಲ್ನಾಡು, ನೆತ್ತರುಗೊಡಗೆ ಎಂಬ ಹೆಸರುಗಳಿದ್ದವು. ಹಾಗಾಗಿ ವೀರಗಲ್ಲು ಬರಿಯ ಗೌರವದ ಗುರುತಲ್ಲ, ಭೂಮಿಯ ಹಕ್ಕುಪತ್ರವೂ ಆಗಿರಬಹುದು.

ಗಂಡನ ಚಿತೆಯೇರಿದ ಹೆಣ್ಣಿನ ನೆನಪಿನ ಕಲ್ಲು ಮಾಸ್ತಿಗಲ್ಲು. ಕಂಬದಿಂದ ಹೊರಚಾಚಿ ಮೊಣಕೈ ಬಾಗಿಸಿ ಮೇಲೆತ್ತಿದ ಬಳೆತೊಟ್ಟ ಕೈ ಇದರ ಗುರುತು.

ಬೆಳತೂರು ಶಾಸನ

ಈ ಸೀಮೆಯ ಸ್ಮಾರಕಶಿಲೆಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಹೆಗ್ಗಡದೇವನಕೋಟೆ ಸೀಮೆಯ ಬೆಳತೂರಿನ ಶಾಸನ. ಇದರ ಕಾಲ ಶಕವರ್ಷ 979, ಅಂದರೆ ಕ್ರಿ.ಶ. 1057. ಆಗ ಚೋಳ ಅರಸ ಇಮ್ಮಡಿ ರಾಜೇಂದ್ರನ ಆಳ್ವಿಕೆಯಿತ್ತು. ಶಾಸನದ ನಾಯಕಿ ದೇಕಬ್ಬೆ ನುಗುನಾಡಿನ ಒಡೆಯನಾದ ರವಿಗನ ಮಗಳು, ನವಲೆನಾಡಿನ ಏಚನ ಹೆಂಡತಿ. ನುಗುನಾಡು ಎಂದರೆ ಕಪಿಲೆಯನ್ನು ಸೇರುವ ನುಗು ಹೊಳೆಯ ಸುತ್ತಲಿನ ಸೀಮೆ.

ಏಚನು ಮಲ್ಲಯುದ್ಧದಲ್ಲಿ ದಾಯಾದಿಯೊಬ್ಬನನ್ನು ಕೊಂದನು. ಆ ಅಪರಾಧಕ್ಕಾಗಿ ಅರಸನ ಆಜ್ಞೆಯಂತೆ ಅವನನ್ನು ತಲಕಾಡಿಗೆ ಒಯ್ದು ಕೊಲ್ಲಲಾಯಿತು. ಸುದ್ದಿ ತಿಳಿದ ದೇಕಬ್ಬೆ ಅಗ್ನಿಪ್ರವೇಶಕ್ಕೆ ಸಿದ್ಧಳಾದಳು. ತಂದೆತಾಯಿ ಮತ್ತು ಬಂಧುಗಳು ಬೇಡವೆಂದು ಅಂಗಲಾಚಿದರೂ ಕೇಳದೆ, ದಾನಗಳನ್ನು ಮಾಡಿ, ಬೆಂಕಿಯನ್ನು ಹೊಕ್ಕಳು. ಕನ್ನಡ ಶಾಸನಸಾಹಿತ್ಯದ ಚರ್ಚೆಗಳಲ್ಲಿ ಈ ಪದ್ಯಶಾಸನವನ್ನು ಕಾವ್ಯಗುಣಕ್ಕಾಗಿ ಎತ್ತಿ ಹೇಳುವುದು ರೂಢಿ. ಕಾವ್ಯವೆಂದು ಓದುವಾಗ ಮರೆಯಬಾರದ ಸಂಗತಿ ಇನ್ನೊಂದಿದೆ: ಸಹಗಮನವನ್ನು ಹೊಗಳಲು ನಿಂತ ಕಲ್ಲೇ, ಹೆತ್ತವರು ಅದನ್ನು ತಡೆಯಲು ಪಟ್ಟ ಪಾಡನ್ನೂ ದಾಖಲಿಸಿದೆ. ಹನ್ನೊಂದನೆಯ ಶತಮಾನದಲ್ಲಿ ಎಲ್ಲರೂ ಈ ಪದ್ಧತಿಯನ್ನು ಒಪ್ಪಿ ಸುಮ್ಮನಿದ್ದರೆಂದು ಹೇಳುವವರಿಗೆ ಬೆಳತೂರಿನಲ್ಲಿಯೇ ಉತ್ತರವಿದೆ.

ದಾನಶಾಸನ ಮತ್ತು ಎಲ್ಲೆಕಲ್ಲು

ವಿದ್ವಾಂಸರಾದ ಬ್ರಾಹ್ಮಣರಿಗೆ ದಾನವಾಗಿ ಕೊಟ್ಟ ಊರು ಅಗ್ರಹಾರ. ಕೃಷ್ಣರಾಜನಗರ ತಾಲ್ಲೂಕಿನ ಹೊಸ ಅಗ್ರಹಾರದ ಹೆಸರು ಈ ವ್ಯವಸ್ಥೆಯ ನೆನಪನ್ನು ಉಳಿಸಿಕೊಂಡಿದೆ. ದಾನಭೂಮಿಯ ಗಡಿಗೆ ನೆಟ್ಟ ಕಲ್ಲಿನ ಮೇಲಿನ ಗುರುತಿನಿಂದಲೇ ಅದು ಯಾರಿಗೆ ಸೇರಿದುದೆಂದು ತಿಳಿಯುತ್ತಿತ್ತು. ಶೈವ ದಾನಕ್ಕೆ ಲಿಂಗಮುದ್ರೆ, ವೈಷ್ಣವ ದಾನಕ್ಕೆ ವಾಮನಮುದ್ರೆ, ಜೈನ ಬಸದಿಯ ಭೂಮಿಗೆ ಮುಕ್ಕೊಡೆ. ಓದು ಬಾರದ ರೈತನಿಗೂ ಅರ್ಥವಾಗುವ ಲಿಪಿ ಇದು.

ಅಧ್ಯಯನ

ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಬಿ. ಎಲ್. ರೈಸ್ ಅವರು 1898ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಈ ಸೀಮೆಯ ಶಾಸನಗಳಿವೆ. ಬೆಳತೂರು ಶಾಸನ ಅಲ್ಲಿ ಹೆಗ್ಗಡದೇವನಕೋಟೆ 18ನೆಯ ಸಂಖ್ಯೆಯದು. ಕೃಷ್ಣರಾಜನಗರದ ಶಾಸನಗಳನ್ನು ಈ ಸಂಪುಟದಲ್ಲಿ ಹುಡುಕುವವರು ಎಡತೊರೆ ಎಂಬ ಹೆಸರಿನಡಿ ನೋಡಬೇಕು. ಕಾವೇರಿಯ ಪ್ರವಾಹಕ್ಕೆ ತುತ್ತಾದ ಎಡತೊರೆಯಿಂದ ಜನರು ಎತ್ತರದ ನೆಲಕ್ಕೆ ಬಂದು ಹೊಸ ಪಟ್ಟಣ ಕಟ್ಟಿಕೊಂಡದ್ದು 1920ರ ದಶಕದಲ್ಲಿ; ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರು ಅದಕ್ಕೆ ಬಂದದ್ದು ಆ ಬಳಿಕ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1970ರ ದಶಕದಲ್ಲಿ ಪರಿಷ್ಕೃತ ಸಂಪುಟಗಳನ್ನು ಹೊರತಂದಿತು. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಮತ್ತು ಆರ್. ಶೇಷಶಾಸ್ತ್ರಿಯವರ ‘ಕರ್ನಾಟಕದ ವೀರಗಲ್ಲುಗಳು’ ಈ ವಿಷಯದಲ್ಲಿ ಉಪಯುಕ್ತ ಗ್ರಂಥಗಳು.

ಸಂರಕ್ಷಣೆ

ಕೇಂದ್ರದ 1958ರ ಮತ್ತು ರಾಜ್ಯದ 1961ರ ಪ್ರಾಚೀನ ಸ್ಮಾರಕಗಳ ಕಾಯಿದೆಗಳಲ್ಲಿ ರಕ್ಷಣೆ ಮುಖ್ಯವಾಗಿ ಘೋಷಿತ ಸ್ಮಾರಕಗಳಿಗೆ ದೊರೆಯುತ್ತದೆ. ಹೊಲದ ಬದುವಿನಲ್ಲಿ, ಕೆರೆಯ ಏರಿಯ ಮೇಲೆ, ಅರಳಿಕಟ್ಟೆಯ ಬುಡದಲ್ಲಿ ನಿಂತಿರುವ ಬಿಡಿ ಕಲ್ಲುಗಳಲ್ಲಿ ಬಹುಪಾಲು ಆ ಪಟ್ಟಿಯ ಹೊರಗಿವೆ. ಪೂಜೆ ನಡೆಯುವ ಕಲ್ಲುಗಳು ಉಳಿಯುತ್ತವೆ. ಆದರೆ ಎಣ್ಣೆ, ಅರಿಶಿನ, ಬಣ್ಣಗಳು ಪದರಗಟ್ಟಿ ಅವುಗಳ ಅಕ್ಷರ ಮುಚ್ಚಿಹೋಗುತ್ತದೆ. ಪೂಜೆಯಿಲ್ಲದವು ಒಗೆಯುವ ಕಲ್ಲಾಗಿ, ಮೋರಿಯ ಚಪ್ಪಡಿಯಾಗಿ ಮಗುಚಿ ಬೀಳುತ್ತವೆ. ಸಿಮೆಂಟ್ ರಸ್ತೆ ಹಾಕಿದಾಗಲೆಲ್ಲ ನೆಲ ಏರುವುದರಿಂದ ಮೊದಲು ಹೂತುಹೋಗುವುದು ಊರ ನಡುವಿನ ಕರುಗಲ್ಲು.

ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿಯು ನಗರದ ಶಾಸನಗಳನ್ನು ಮೂರು ಆಯಾಮಗಳ ಸ್ಕ್ಯಾನಿಂಗ್ ಮೂಲಕ ದಾಖಲಿಸುತ್ತಿದೆ. ಹಳ್ಳಿಯ ಕಲ್ಲಿಗೆ ಕನಿಷ್ಠ ಇಷ್ಟಾದರೂ ಬೇಕು: ಕಲ್ಲನ್ನು ಸ್ಥಳಾಂತರಿಸಲೇಬೇಕಾದಾಗ ಅದು ಮೊದಲಿದ್ದ ಜಾಗ ಮತ್ತು ಮುಖ ಮಾಡಿದ್ದ ದಿಕ್ಕನ್ನು ಬರೆದಿಡುವುದು. ದಾನದ ಭೂಮಿಯಾಗಲಿ ಊರಿನ ಗಡಿಯಾಗಲಿ ಎಲ್ಲಿತ್ತೆಂಬುದು ಅನೇಕ ವೇಳೆ ಶಾಸನಪಾಠದಲ್ಲಿಲ್ಲ, ಕಲ್ಲು ನಿಂತಿದ್ದ ಜಾಗದಲ್ಲಿದೆ.