ಡಬ್ಬಿಯಲ್ಲಿ ಕಡಲು ದಾಟಿದ ಹೆಪ್ಪು

ಬಾರ್ಲಿವೈನ್ ಎಂಬ ಹೆಸರಿನಲ್ಲಿ ವೈನ್ ಇದೆಯೇ ಹೊರತು ಸೀಸೆಯೊಳಗೆ ದ್ರಾಕ್ಷಿಯ ಒಂದು ಹನಿಯೂ ಇಲ್ಲ. ಅದು ಅಪ್ಪಟ ಬಿಯರ್. ಸಾಮಾನ್ಯ ಬಿಯರಿನಲ್ಲಿ ಆಲ್ಕೋಹಾಲ್ ಶೇಕಡಾ 5ರ ಆಸುಪಾಸಿನಲ್ಲಿದ್ದರೆ ಇದರಲ್ಲಿ 10, 12, ಕೆಲವೊಮ್ಮೆ ಅದಕ್ಕೂ ಮೇಲೆ. ಅಮೆರಿಕ, ಇಂಗ್ಲೆಂಡುಗಳಲ್ಲಿ ಬಿಯರನ್ನು ಮನೆಯಲ್ಲೇ ತಯಾರಿಸುವ ಹವ್ಯಾಸಿಗಳಿದ್ದಾರೆ. ಅವರಿಗೆಂದು ಸ್ಪರ್ಧೆಗಳಿವೆ, ಸ್ಪರ್ಧೆಗಳಲ್ಲಿ ಬಿಯರುಗಳನ್ನು ಜಾತಿವಾರು ವಿಂಗಡಿಸುವ ಪಟ್ಟಿಯಿದೆ. ಆ ಪಟ್ಟಿಯಲ್ಲಿ ಇಂಗ್ಲಿಷ್ ಬಾರ್ಲಿವೈನ್ ಉಂಟು, ಅಮೆರಿಕನ್ ಬಾರ್ಲಿವೈನ್ ಉಂಟು. ಬೆಲ್ಜಿಯನ್ ಬಾರ್ಲಿವೈನ್ ಇಲ್ಲ. ಹಾಗಾಗಿ ಇಂಗ್ಲಿಷ್ ಪಾಕಕ್ಕೆ ಬೆಲ್ಜಿಯಂ ಯೀಸ್ಟ್ ಹಾಕಿದವರ ಬಿಯರು, ಜಾತಿ ಬಿಟ್ಟು ಮದುವೆಯಾಗಿ ಊರಿಗೆ ಬಂದ ಮಗನ ಹಾಗೆ, ಎಲ್ಲಿ ಕೂರಿಸಬೇಕೆಂದು ತಿಳಿಯದೆ ‘ಪ್ರಯೋಗ’ದ ಸಾಲಿಗೆ ಹೋಗುತ್ತದೆ. ಚರಿತ್ರೆಯನ್ನು ಸ್ವಲ್ಪ ಕೆದಕಿದರೆ ಈ ಎರಡು ಮನೆತನಗಳ ನಡುವೆ ನೂರು ವರ್ಷದಿಂದಲೂ ಕೊಡುಕೊಳ್ಳುವ ವ್ಯವಹಾರ ಇದ್ದದ್ದು ಕಾಣುತ್ತದೆ.

ಮೊದಲಿಗೆ, ಈ ಗಟ್ಟಿ ಬಿಯರು ಹುಟ್ಟಿದ್ದೇ ಮನೆಗಳಲ್ಲಿ. 16ನೇ ಶತಮಾನದ ಇಂಗ್ಲೆಂಡನ್ನು ವಿವರವಾಗಿ ಬರೆದಿಟ್ಟ ವಿಲಿಯಂ ಹ್ಯಾರಿಸನ್, ಶ್ರೀಮಂತರ ಊಟಕ್ಕೆ ಬರುವ ಬಿಯರು ಒಂದು ವರ್ಷ, ಎರಡು ವರ್ಷ ಹಳೆಯದಾಗಿರುತ್ತಿತ್ತು ಎಂದು ದಾಖಲಿಸಿದ್ದಾನೆ. ಹಳ್ಳಿಗಾಡಿನ ದೊಡ್ಡ ಜಮೀನ್ದಾರಿ ಮನೆಗಳಿಗೆ ತಮ್ಮದೇ ಬಿಯರ್ ಕೊಟ್ಟಿಗೆಗಳಿದ್ದವು. ಕೆಲಸದ ಬಗೆ ನಮಗೆ ಅಪರಿಚಿತವೇನಲ್ಲ. ರಾಗಿ ಮಾಲ್ಟಿಗೆ ರಾಗಿಯನ್ನು ಮೊಳಕೆ ಬರಿಸಿ ಒಣಗಿಸುತ್ತೇವಲ್ಲ, ಬಾರ್ಲಿಗೂ ಅದೇ. ಒಣಗಿದ ಕಾಳನ್ನು ನುಚ್ಚಾಗಿ ಒಡೆದು ಬಿಸಿನೀರಿನಲ್ಲಿ ನೆನೆಸಿದರೆ ಹಿಟ್ಟಿನಂಶ ಸಕ್ಕರೆಯಾಗಿ ಸಿಹಿ ರಸ ಇಳಿಯುತ್ತದೆ. ಮೊದಲ ಸಲ ಬಸಿದದ್ದು ಗಟ್ಟಿ, ಅದೇ ನುಚ್ಚಿಗೆ ಮತ್ತೆ ನೀರು ಹೊಯ್ದು ಬಸಿದದ್ದು ತೆಳು. ತೆಂಗಿನಕಾಯಿಯ ಮೊದಲ ಹಾಲು, ಎರಡನೇ ಹಾಲು ಇದ್ದಂತೆ. ಎರಡನೆಯದು ಆಳುಕಾಳುಗಳ ದಿನನಿತ್ಯಕ್ಕೆ, ಮೊದಲನೆಯದು ಯಜಮಾನರ ನೆಲಮಾಳಿಗೆಗೆ. ಅಕ್ಟೋಬರಿನ ತಂಪಿನಲ್ಲಿ ಮಾಡಿದ್ದೇ ಒಳ್ಳೆಯದೆಂದು ಅದಕ್ಕೆ ‘ಅಕ್ಟೋಬರ್ ಬಿಯರ್’ ಎಂಬ ಹೆಸರೂ ಬಿತ್ತು. ಕೆಲವು ಮನೆತನಗಳಲ್ಲಿ ಗಂಡುಕೂಸು ಹುಟ್ಟಿದ ವರ್ಷ ಒಂದು ಪೀಪಾಯಿ ತುಂಬಿಸಿಟ್ಟು, ಅವನಿಗೆ 21 ತುಂಬಿದಾಗ ತೆಗೆಯುತ್ತಿದ್ದರು. ಮಗು ಬದುಕುತ್ತದೆ, ಮನೆಯೂ ಉಳಿದಿರುತ್ತದೆ ಎಂಬ ಎರಡು ನಂಬಿಕೆಗಳನ್ನು ಒಂದೇ ಪೀಪಾಯಿಯ ಮೇಲೆ ಹೂಡಿದ ಹಾಗೆ.

ಈ ಪದ್ಧತಿಯನ್ನು ಕಾರ್ಖಾನೆಗಳೂ ಎತ್ತಿಕೊಂಡವು. ಬರ್ಟನ್ ಊರಿನ ಬಾಸ್ ಕಂಪನಿ 1869ರಲ್ಲಿ ತನ್ನ ಪಾಲುದಾರ ರ‍್ಯಾಟ್‌ಕ್ಲಿಫ್ ಮನೆತನದಲ್ಲಿ ಮಗು ಹುಟ್ಟಿದ್ದಕ್ಕೆ ಬಿಯರು ಮಾಡಿತು. ಅದರ ಸೀಸೆಗಳು ಈ ಶತಮಾನದವರೆಗೂ ಬಂದಿವೆ. 1902ರಲ್ಲಿ ದೊರೆ ಏಳನೇ ಎಡ್ವರ್ಡ್ ಅದೇ ಕಾರ್ಖಾನೆಗೆ ಹೋಗಿ ಒಂದು ವಿಶೇಷ ಬಿಯರಿನ ಕೆಲಸವನ್ನು ತಾನೇ ಆರಂಭಿಸಿಕೊಟ್ಟ. ಬಾರ್ಲಿವೈನ್ ಎಂಬ ಹೆಸರು ಜನರ ನಾಲಿಗೆಯಲ್ಲಿ ನಿಂತದ್ದು ಬಾಸ್‌ನ ‘ನಂಬರ್ 1’ ಎಂಬ ಬಿಯರಿನಿಂದ.

ಅಷ್ಟು ಹೊತ್ತಿಗೆ ಕಾನೂನು ಒಳಗೆ ಬಂದಿತ್ತು. 1880ರಲ್ಲಿ ಗ್ಲಾಡ್‌ಸ್ಟನ್ ಮಾಲ್ಟಿನ ಮೇಲಿನ ತೆರಿಗೆ ತೆಗೆದು, ಸಿಹಿ ರಸದ ಸಾಂದ್ರತೆ ಎಷ್ಟೋ ಅಷ್ಟು ತೆರಿಗೆ ಎಂದು ವಿಧಿಸಿದ. ಮನೆಯಲ್ಲಿ ಬಿಯರು ಮಾಡುವವರೂ ಪರವಾನಗಿ ಪಡೆಯಬೇಕಾಯಿತು. ಮೊದಲ ಮಹಾಯುದ್ಧದಲ್ಲಿ ಧಾನ್ಯ ಉಳಿಸಲು ಸರ್ಕಾರ ಬಿಯರನ್ನು ಇನ್ನಷ್ಟು ತೆಳುವಾಗಿಸಿತು, ತೆರಿಗೆ ಹಲವು ಪಟ್ಟು ಏರಿತು. ಗಟ್ಟಿ ಬಿಯರು ಪುಟ್ಟ ಸೀಸೆಗಳ ಮೂಲೆ ಸೇರಿತು.

ಇದೇ ಕಾಲದಲ್ಲಿ ಇನ್ನೊಂದು ನಷ್ಟ ಸದ್ದಿಲ್ಲದೆ ಆಯಿತು. ನನಗೆ ಇದೇ ದೊಡ್ಡದಾಗಿ ಕಾಣುತ್ತದೆ. ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸೆನ್ 1883ರಲ್ಲಿ ಒಂದೇ ಕೋಶದಿಂದ ಶುದ್ಧ ಯೀಸ್ಟ್ ಬೆಳೆಸಿ ತೋರಿಸಿದ್ದ. ಅಲ್ಲಿಯವರೆಗೆ ಯೀಸ್ಟ್ ಎಂದರೆ ನಮ್ಮ ಮನೆಗಳ ಹೆಪ್ಪು ಇದ್ದಂತೆ: ನಿನ್ನೆಯದರಿಂದ ಇಂದಿಗೆ, ಪಕ್ಕದ ಮನೆಯಿಂದ ಈ ಮನೆಗೆ, ಅದರಲ್ಲಿ ಯಾರು ಯಾರಿದ್ದಾರೋ ಯಾರಿಗೂ ಗೊತ್ತಿಲ್ಲ. ಕಾರ್ಲ್ಸ್‌ಬರ್ಗ್ ಬ್ರೂವರಿಯವನೇ ಆದ ನೀಲ್ಸ್ ಹೆಲ್ಟ್ ಕ್ಲಾಸೆನ್ 1904ರಲ್ಲಿ ಲಂಡನ್ನಿಗೆ ಬಂದು, ನಿಮ್ಮ ಹಳೆಯ ಬಿಯರುಗಳ ಆ ವಿಶಿಷ್ಟ ರುಚಿ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ನಿಧಾನವಾಗಿ ಕೆಲಸ ಮಾಡುವ ಎರಡನೆಯ ಯೀಸ್ಟ್ ಒಂದರಿಂದ ಬರುತ್ತದೆ, ಅದಿಲ್ಲದೆ ಆ ರುಚಿ ಇಲ್ಲ ಎಂದ. ಅದಕ್ಕೆ ಬ್ರೆಟನೊಮೈಸಿಸ್, ಅಂದರೆ ಬ್ರಿಟಿಷ್ ಶಿಲೀಂಧ್ರ, ಎಂದು ಹೆಸರಿಟ್ಟ. ಆದರೆ ವರ್ಷಗಟ್ಟಲೆ ಪೀಪಾಯಿಯಲ್ಲಿ ಹಣ ಕೂಡಿಹಾಕಲು ಇಂಗ್ಲೆಂಡಿನ ಕಾರ್ಖಾನೆಗಳಿಗೆ ಆಗಲೇ ಮನಸ್ಸಿರಲಿಲ್ಲ. ಮರ ಹೋಗಿ ಲೋಹ ಬಂತು, ಸ್ವಚ್ಛತೆ ಬಂತು, ಬ್ರಿಟಿಷ್ ಶಿಲೀಂಧ್ರ ಬ್ರಿಟನ್ನಿನಲ್ಲೇ ಕೊಳೆ ಎನಿಸಿಕೊಂಡಿತು. ಇಂದು ಅದನ್ನು ಹುಡುಕುವವರು ಬೆಲ್ಜಿಯಂಗೆ ಹೋಗುತ್ತಾರೆ. ಆರ್ವಲ್ ಮಠದಲ್ಲಿ 1931ರಲ್ಲಿ ಶುರುವಾದ ಬ್ರೂವರಿಯ ಪ್ರತಿ ಸೀಸೆಯಲ್ಲೂ ಅದು ಇದೆ.

ಬೆಲ್ಜಿಯಂನ ಕಥೆಗೂ ಕಾನೂನಿನ ಕೈವಾಡವಿದೆ. 1919ರಲ್ಲಿ ಸಮಾಜವಾದಿ ಸಚಿವ ಎಮಿಲ್ ವಾಂಡರ್‌ವೆಲ್ಡೆ ಕೆಫೆಗಳಲ್ಲಿ ಜಿನ್‌ನಂಥ ಭಟ್ಟಿ ಮದ್ಯದ ಮಾರಾಟವನ್ನು ನಿಲ್ಲಿಸಿದ. ಆ ಕಾನೂನು 1983ರವರೆಗೂ ಇತ್ತು. ಕಾರ್ಮಿಕರ ಕುಡಿತ ಇಳಿಸುವುದು ಉದ್ದೇಶ. ಜಿನ್ ಖಾಲಿ ಮಾಡಿದ ಜಾಗಕ್ಕೆ ಬಂದು ಕೂತದ್ದು ಗಟ್ಟಿ ಬಿಯರು. ಬ್ರಿಟನ್ನಿನಲ್ಲಿ ತೆರಿಗೆ ಬಿಯರನ್ನು ತೆಳುವಾಗಿಸುತ್ತಿದ್ದ ಕಾಲಕ್ಕೇ ಪಕ್ಕದ ದೇಶದಲ್ಲಿ ಪಾನನಿರೋಧದ ಉತ್ಸಾಹ ಅದನ್ನು ದಪ್ಪವಾಗಿಸಿತು.

ಹಾಗೆ ದಪ್ಪವಾಗಲು ಬೇಕಾದ ಯೀಸ್ಟ್ ಎಲ್ಲಿಂದ ಬಂತು? ಮೂರ್ಟ್‌ಗಾಟ್ ಕುಟುಂಬದ ಆಲ್ಬರ್ಟ್, ಇಂಗ್ಲಿಷ್ ಮಾದರಿಯ ಬಿಯರು ಮಾಡುವ ಆಸೆಯಿಂದ ಸ್ಕಾಟ್ಲೆಂಡಿಗೆ ಹೋಗಿ ಅಲ್ಲಿನ ಯೀಸ್ಟನ್ನು ಡಬ್ಬಿಯಲ್ಲಿ ಹಾಕಿಸಿಕೊಂಡು ಬಂದ ಎಂಬುದು ಆ ಮನೆತನದವರೇ ಹೇಳುವ ಕಥೆ. ಯುದ್ಧ ಮುಗಿದ ಸಂತೋಷಕ್ಕೆ ಆ ಬಿಯರಿಗೆ ‘ವಿಕ್ಟರಿ ಏಲ್’ ಎಂದು ಇಂಗ್ಲಿಷಿನಲ್ಲೇ ಹೆಸರಿಟ್ಟರು. 1923ರಿಂದ ಅದು ‘ಡ್ಯೂವೆಲ್’, ಆ ಸೀಮೆಯ ಮಾತಿನಲ್ಲಿ ಸೈತಾನ. ಇಂದು ಬೆಲ್ಜಿಯಂನ ಗಟ್ಟಿ ಬಿಯರು ಎಂದರೆ ಥಟ್ಟನೆ ನೆನಪಾಗುವ ಹೆಸರಿದು. ಅದರ ಹೆಪ್ಪು ಸ್ಕಾಟ್ಲೆಂಡಿನದು. ಎಲ್ಲ ಬೆಲ್ಜಿಯಂ ಯೀಸ್ಟ್‌ಗಳೂ ಹಾಗಲ್ಲ. ಷಿಮೇ ಬಿಯರಿನ ಯೀಸ್ಟನ್ನು ಫಾದರ್ ಥಿಯೋಡೋರ್ ಎರಡನೇ ಯುದ್ಧದ ನಂತರ ಮಠದಲ್ಲೇ ಬೇರ್ಪಡಿಸಿದರು. 2016ರಲ್ಲಿ ಲ್ಯೂವೆನ್‌ನ ಕೆವಿನ್ ವೆರ್‌ಸ್ಟ್ರೆಪೆನ್ ಮತ್ತು ಸಂಗಡಿಗರು 157 ಯೀಸ್ಟ್‌ಗಳ ವಂಶವಾಹಿ ಓದಿದಾಗ, ಮನುಷ್ಯರೊಡನೆ ಪಳಗಿದ ಬಹುಪಾಲು ಬಿಯರ್ ಯೀಸ್ಟ್‌ಗಳು ಲವಂಗದಂಥ ಘಾಟು ಕೊಡುವ ಶಕ್ತಿಯನ್ನು ಕಳೆದುಕೊಂಡಿರುವುದು ಕಂಡಿತು. ಆ ಘಾಟು ಉಳಿಸಿಕೊಂಡ ಕೆಲವೇ ತಳಿಗಳಲ್ಲಿ ಬೆಲ್ಜಿಯಂನವೂ ಸೇರಿವೆ.

ಮನೆಯ ಹಂಡೆಯಲ್ಲಿ ಪೇಚು ಶುರುವಾಗುವುದು ಇಲ್ಲೇ. 20 ಲೀಟರ್ ಬಾರ್ಲಿವೈನಿಗೆ 10 ಕೆಜಿಗೂ ಮೀರಿ ಮಾಲ್ಟ್ ಬೇಕು, ಮಾಮೂಲಿ ಬಿಯರಿನ ಎರಡು ಪಟ್ಟು. ಅಷ್ಟು ಸಿಹಿಯಲ್ಲಿ ಯೀಸ್ಟ್ ಮೊದಲು ಸಕ್ಕರೆಗೆ ಒದ್ದಾಡುತ್ತದೆ, ಆಮೇಲೆ ತಾನೇ ಮಾಡಿದ ಆಲ್ಕೋಹಾಲಿಗೆ ಸಾಯುತ್ತದೆ. ಇಂಗ್ಲಿಷ್ ಯೀಸ್ಟ್ ಬೇಗ ಕೈಚೆಲ್ಲಿ ಬಿಯರಿನಲ್ಲಿ ಬೆಲ್ಲದ ಪಾಕದ ಸಿಹಿ ಉಳಿಸುತ್ತದೆ. ಬೆಲ್ಜಿಯಂನದು ಹಟಮಾರಿ, ಕೊನೆಯವರೆಗೂ ತಿಂದು ಒಣಗಿಸುತ್ತದೆ. ಜೊತೆಗೆ ಬಾಳೆಹಣ್ಣು, ಲವಂಗ. ಮೊದಲ ದಿನಗಳಲ್ಲಿ ಕಾವು ಏರಿಬಿಟ್ಟರೆ ಪೇಂಟಿಗೆ ಹಾಕುವ ಥಿನ್ನರಿನ ವಾಸನೆ. ಆದ್ದರಿಂದ ಬಲ್ಲವರು ಮೊದಲೇ ಯೀಸ್ಟನ್ನು ಬೇರೆ ಪಾತ್ರೆಯಲ್ಲಿ ಹೆಚ್ಚಿಸಿಕೊಂಡು, ಆರಂಭದಲ್ಲಿ ಚೆನ್ನಾಗಿ ಗಾಳಿ ಕೊಟ್ಟು, 18 ಡಿಗ್ರಿಯಲ್ಲಿ ತಣ್ಣಗೆ ಶುರುಮಾಡಿ, ಹುದುಗು ಹಿಡಿದ ಮೇಲೆ ಮೆಲ್ಲಗೆ ಕಾವು ಏರಲು ಬಿಡುತ್ತಾರೆ.

ಇದನ್ನೆಲ್ಲ ಬಹಿರಂಗವಾಗಿ ಮಾಡುವ ಸ್ವಾತಂತ್ರ್ಯವೂ ತಡವಾಗಿಯೇ ಬಂತು. ಬ್ರಿಟನ್ನಿನಲ್ಲಿ 1880ರ ಮನೆ ಪರವಾನಗಿಯನ್ನು ಹಣಕಾಸು ಸಚಿವ ರೆಜಿನಾಲ್ಡ್ ಮೌಡ್ಲಿಂಗ್ ರದ್ದು ಮಾಡಿದ್ದು 1963ರಲ್ಲಿ. ಅಮೆರಿಕದಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ್ದು 1978ರಲ್ಲಿ. ನಮ್ಮಲ್ಲಿ 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಇಂದಿಗೂ ಅಪರಾಧವೇ.

ಹೊರದೇಶಗಳ ಹವ್ಯಾಸಿಗಳಲ್ಲಿ ಒಂದು ಅಭ್ಯಾಸವಿದೆ. ಷಿಮೇ ಕುಡಿದು ತಳದಲ್ಲಿ ಉಳಿದ ಗಸಿಯಿಂದ ಯೀಸ್ಟ್ ಬೆಳೆಸಿಕೊಳ್ಳುತ್ತಾರೆ. ಆರ್ವಲ್ ಸೀಸೆಯ ಗಸಿಯನ್ನು ತಮ್ಮ ಬಾರ್ಲಿವೈನಿಗೇ ಬಗ್ಗಿಸಿ ವರ್ಷಗಟ್ಟಲೆ ಮುಚ್ಚಿಡುತ್ತಾರೆ. ಕ್ಲಾಸೆನ್ ಹೆಸರಿಟ್ಟ ಆ ಬ್ರಿಟಿಷ್ ಶಿಲೀಂಧ್ರ ಹೀಗೆ ಬೆಲ್ಜಿಯಂ ಮಠದ ದಾರಿಯಾಗಿ ಇಂಗ್ಲಿಷ್ ಬಿಯರಿಗೆ ಮರಳುತ್ತದೆ, ಮತ್ತೆ ಒಂದು ಮನೆಯ ನೆಲಮಾಳಿಗೆಯಲ್ಲಿ. ಬೇರೆ ಯೀಸ್ಟ್ ಬಿಟ್ಟ ಸಕ್ಕರೆಯನ್ನೂ ಅದು ತಿನ್ನುತ್ತಲೇ ಇರುತ್ತದೆ, ಒಳಗೆ ಒತ್ತಡ ಏರುತ್ತಲೇ ಇರುತ್ತದೆ. ಅದಕ್ಕೇ ಸೀಸೆಗೆ ತುಂಬುವಾಗ ದಪ್ಪ ಗಾಜಿನದನ್ನೇ ಆರಿಸಿಕೊಳ್ಳುತ್ತಾರೆ.